ಪಬ್ಲಿಶ್ ಒತ್ತುವ ಮೊದಲು ಗೋಣಿ ಬಿಚ್ಚಿ ನೋಡಿ

ಅಂಗಳದಲ್ಲಿ ಹರವಿದ ಚಾಲಿ ಅಡಿಕೆ ಎಷ್ಟು ಹದವಾಗಿ ಒಣಗಿದೆ ಎಂದು ನೋಡಲು ವ್ಯಾಪಾರಿ ಮನೆಗೆ ಬರುವುದಿಲ್ಲ. ಅವನ ಕೈ ಹೋಗುವುದು ಗೋಣಿಯೊಳಗೆ. ಇತರರು ಬಳಸಲೆಂದು ಬರೆದ ಜಾವಾಸ್ಕ್ರಿಪ್ಟ್ ಲೈಬ್ರರಿಯನ್ನು ಎನ್‌ಪಿಎಂ ಎಂಬ ಸಾರ್ವಜನಿಕ ಉಗ್ರಾಣಕ್ಕೆ ಹಾಕುವವರು (ಇದಕ್ಕೇ ಪಬ್ಲಿಶ್ ಎನ್ನುವುದು) ಮರೆಯುವುದು ಇದನ್ನೇ. ಟೆಸ್ಟುಗಳೆಲ್ಲ ಓಡುವುದು ನಮ್ಮ ಫೋಲ್ಡರಿನಲ್ಲಿ, ಅಂದರೆ ಅಂಗಳದಲ್ಲಿ. ಬಳಸುವವರಿಗೆ ಸಿಗುವುದು ಟಿಜಿಝಡ್ ಎಂಬ ಬಾಲವಿರುವ ಒಂದು ಕಟ್ಟು. ಕಟ್ಟು ಕಟ್ಟುವಾಗ ಫೈಲು ಬಿಟ್ಟುಹೋಗಬಹುದು, ಹಳೆಯ ಬಿಲ್ಡ್ (ಬರೆದ ಕೋಡಿನಿಂದ ತಯಾರಾಗುವ ಓಡುವ ಕೋಡು) ಸೇರಿಕೊಳ್ಳಬಹುದು, ಹೊರಗೆ ಹೋಗಬಾರದ ಎನ್ವ್ ಎಂಬ ಸೆಟ್ಟಿಂಗಿನ ಫೈಲು ಪಾಸ್‌ವರ್ಡ್ ಸಮೇತ ಹೋಗಬಹುದು. ಟೆಸ್ಟಿಗೆ ಇದು ಯಾವುದೂ ಕಾಣುವುದಿಲ್ಲ.

ಹೋದರೆ ಹೋಯಿತು, ಮತ್ತೆ ಹಾಕಿದರಾಯಿತು ಎನ್ನುವಂತಿಲ್ಲ. ಎನ್‌ಪಿಎಂನಲ್ಲಿ ಒಮ್ಮೆ ಬಳಸಿದ ಹೆಸರು ಮತ್ತು ವರ್ಶನ್ ಜೋಡಿ ಮತ್ತೆಂದೂ ಸಿಗದು, ಅನ್‌ಪಬ್ಲಿಶ್ ಮಾಡಿದರೂ ಅಷ್ಟೆ. ಅನ್‌ಪಬ್ಲಿಶ್ ಕೂಡ ಸಲೀಸಾಗಿ ಆಗುವುದು ಮೊದಲ 72 ಗಂಟೆಯೊಳಗೆ, ಅದೂ ಬೇರೆ ಪ್ಯಾಕೇಜು ಅದನ್ನು ನೆಚ್ಚಿಕೊಂಡಿಲ್ಲದಿದ್ದರೆ. 2016ರ ಮಾರ್ಚಿನಲ್ಲಿ ಲೆಫ್ಟ್-ಪ್ಯಾಡ್ ಎಂಬ 11 ಸಾಲಿನ ಪ್ಯಾಕೇಜನ್ನು ಹಿಂದೆಗೆದುಕೊಂಡಾಗ ಬೇಬಲ್‌ನಂಥ ದೊಡ್ಡ ಪ್ರಾಜೆಕ್ಟುಗಳ ಬಿಲ್ಡ್ ನಿಂತುಹೋಯಿತು. ನಿಯಮ ಬಿಗಿಯಾದದ್ದು ಆಮೇಲೆ.

ಮುಂದಿನದಕ್ಕೆಲ್ಲ ಒಂದು ಉದಾಹರಣೆ ಇಟ್ಟುಕೊಳ್ಳೋಣ. ಕಾಸರಗೋಡಿನಲ್ಲಿ ಒಂದೇ ಊರಿಗೆ ಎರಡು ಲಿಪಿ, ಎರಡು ಉಚ್ಚಾರ. ಸಹಕಾರಿ ಸಂಘದ ಸದಸ್ಯರ ಪಟ್ಟಿಯಲ್ಲಿ ಕುಂಬಳೆ, ಮಂಜೇಶ್ವರ, ಹೊಸದುರ್ಗ ಎಂದು ಕನ್ನಡದಲ್ಲಿರುತ್ತದೆ. ಕಚೇರಿಯಿಂದ ಬಂದ ಎಕ್ಸೆಲ್‌ನಲ್ಲಿ ಕುಂಬಳ, ಮಂಜೇಶ್ವರಂ, ಹೊಸ್ದುರ್ಗ್ ಎಂದು ಮಲಯಾಳದಲ್ಲಿ. ಯಾವುದನ್ನು ಕೊಟ್ಟರೂ ಒಂದೇ ಗುರುತು ಸಂಖ್ಯೆ ಕೊಡುವ ಚಿಕ್ಕ ಲೈಬ್ರರಿ, ಹೆಸರು ‘ಊರುಹೆಸರು’ ಅನ್ನೋಣ. ಟೈಪ್‌ಸ್ಕ್ರಿಪ್ಟ್ ಕೋಡು ಎಸ್‌ಆರ್‌ಸಿ ಫೋಲ್ಡರಿನಲ್ಲಿ, ಬಿಲ್ಡ್ ಆಗಿ ಬರುವುದು ಡಿಸ್ಟ್ ಫೋಲ್ಡರಿಗೆ, ಊರುಗಳ ಪಟ್ಟಿ ಡೇಟಾ ಫೋಲ್ಡರಿನ ಒಂದು ಜೇಸನ್ ಫೈಲಿನಲ್ಲಿ. (ಕಮಾಂಡುಗಳನ್ನು ಕನ್ನಡ ಲಿಪಿಯಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣಕ್ಷರ.)

ಮೊದಲ ಕೆಲಸ, ಏನೇನು ಕಟ್ಟಿಗೆ ಹೋಗುತ್ತದೆ ಎಂದು ನೋಡುವುದು:

ಎನ್‌ಪಿಎಂ ಪ್ಯಾಕ್ --ಡ್ರೈ-ರನ್

ಇದು ಏನನ್ನೂ ಕಟ್ಟುವುದಿಲ್ಲ, ಪಟ್ಟಿ ತೋರಿಸುತ್ತದೆ: ಪ್ರತಿ ಫೈಲಿನ ಹೆಸರು, ಗಾತ್ರ, ಕೊನೆಗೆ ಒಟ್ಟು ಫೈಲುಗಳು, ಕಟ್ಟಿದ ಗಾತ್ರ, ಬಿಚ್ಚಿದ ಗಾತ್ರ. ಈ ಪಟ್ಟಿಯನ್ನು ಕಣ್ಣಾರೆ ಓದಬೇಕು. ಊರುಹೆಸರಿನಲ್ಲಿ ಹತ್ತು ಹನ್ನೆರಡು ಸಾಲು ಬರಬೇಕು. ನೂರೈವತ್ತು ಬಂದರೆ ಟೆಸ್ಟ್ ಫೋಲ್ಡರು, ಸ್ಕ್ರೀನ್‌ಶಾಟು, ಎಡಿಟರಿನ ಸೆಟ್ಟಿಂಗು ಎಲ್ಲ ಜೊತೆಗೆ ಹೊರಟಿವೆ ಎಂದರ್ಥ. ಎರಡು ಮೂರೇ ಸಾಲು ಬಂದರೆ ಅದಕ್ಕಿಂತ ಕೆಟ್ಟದ್ದು: ಡಿಸ್ಟ್ ಬಿಟ್ಟುಹೋಗಿದೆ.

ಡಿಸ್ಟ್ ಬಿಟ್ಟುಹೋಗುವ ಕಾರಣ ಯಾವಾಗಲೂ ಹೆಚ್ಚುಕಡಿಮೆ ಒಂದೇ. ಲೈಬ್ರರಿಯ ವಿವರಗಳಿರುವ ಪ್ಯಾಕೇಜ್ ಜೇಸನ್ ಫೈಲಿನಲ್ಲಿ ‘ಫೈಲ್ಸ್’ ಎಂಬ ಪಟ್ಟಿ ಇಲ್ಲದಿದ್ದರೆ ಎನ್‌ಪಿಎಂ ‘ಎನ್‌ಪಿಎಂ ಇಗ್ನೋರ್’ ಫೈಲನ್ನು ಹುಡುಕುತ್ತದೆ. ಅದೂ ಇಲ್ಲದಿದ್ದರೆ ‘ಗಿಟ್ ಇಗ್ನೋರ್’ (ಕೋಡಿನ ಇತಿಹಾಸ ಇಡುವ ಗಿಟ್‌ಗೆ ಸೇರಬಾರದವುಗಳ ಪಟ್ಟಿ) ನೋಡಿ ನಡೆಯುತ್ತದೆ. ಬಿಲ್ಡ್ ಆದದ್ದನ್ನು ಗಿಟ್‌ಗೆ ಹಾಕಬಾರದೆಂದು ಗಿಟ್ ಇಗ್ನೋರಿನಲ್ಲಿ ಡಿಸ್ಟ್ ಬರೆದಿರುತ್ತೇವೆ, ಅದು ಸರಿಯೇ. ಅದೇ ಸಾಲು ಇಲ್ಲಿ ಡಿಸ್ಟನ್ನು ಗೋಣಿಯಿಂದ ಹೊರಗಿಡುತ್ತದೆ. ಮದ್ದು: ‘ಫೈಲ್ಸ್’ ಪಟ್ಟಿಯಲ್ಲಿ ಡಿಸ್ಟ್ ಮತ್ತು ಡೇಟಾ ಎರಡನ್ನೂ ಬರೆಯಿರಿ. ಬೇಡದ್ದನ್ನು ಒಂದೊಂದಾಗಿ ಹೊರಗಿಡುವುದಕ್ಕಿಂತ ಬೇಕಾದ್ದನ್ನು ಮಾತ್ರ ಒಳಗೆ ಕರೆಯುವುದು ಕ್ಷೇಮ; ನಾಳೆ ಯಾರೋ ಹೊಸ ಎನ್ವ್ ಫೈಲು ಇಟ್ಟರೂ ಅದು ಹೊರಗೇ ಉಳಿಯುತ್ತದೆ. ಪ್ಯಾಕೇಜ್ ಜೇಸನ್, ರೀಡ್‌ಮಿ, ಲೈಸೆನ್ಸ್ ಹೇಗೂ ಹೋಗುತ್ತವೆ, ಬರೆಯಬೇಕಾಗಿಲ್ಲ.

ಪಟ್ಟಿಯಲ್ಲಿ ಡಿಸ್ಟ್ ಇದೆ ಎಂದ ಮಾತ್ರಕ್ಕೆ ಅದು ಇವತ್ತಿನ ಡಿಸ್ಟ್ ಆಗಿರಬೇಕೆಂದಿಲ್ಲ. ಬಿಲ್ಡ್ ಕಮಾಂಡನ್ನು ‘ಪ್ರಿಪಬ್ಲಿಶ್‌ಓನ್ಲಿ’ ಸ್ಕ್ರಿಪ್ಟಿನಲ್ಲಿ ಇಟ್ಟವರು ಇಲ್ಲಿ ಎಡವುತ್ತಾರೆ. ಹೆಸರೇ ಹೇಳುವಂತೆ ಅದು ಓಡುವುದು ಪಬ್ಲಿಶ್ ಮಾಡುವಾಗ ಮಾತ್ರ, ಪ್ಯಾಕ್ ಮಾಡುವಾಗ ಅಲ್ಲ. ಹಾಗಾಗಿ ನೀವು ಪ್ಯಾಕ್ ಮಾಡಿ ಪರೀಕ್ಷಿಸಿದ್ದು ಕಳೆದ ವಾರದ ಕೋಡು, ಪಬ್ಲಿಶ್ ಆದದ್ದು ಪರೀಕ್ಷೆಯೇ ಆಗದ ಹೊಸ ಕೋಡು. ಬಿಲ್ಡನ್ನು ‘ಪ್ರಿಪ್ಯಾಕ್’ಗೆ ಬದಲಿಸಿ, ಅದು ಎರಡು ಹೊತ್ತಿನಲ್ಲೂ ಓಡುತ್ತದೆ. ಬಿಲ್ಡ್ ಶುರುವಾಗುವ ಮೊದಲು ಡಿಸ್ಟ್ ಅಳಿಸುವ ಒಂದು ಸಾಲನ್ನೂ ಸೇರಿಸಿ. ಇಲ್ಲದಿದ್ದರೆ ಹೆಸರು ಬದಲಿಸಿದ ಹಳೆಯ ಫೈಲುಗಳು ಅಲ್ಲೇ ಬಿದ್ದಿರುತ್ತವೆ.

ಗಾತ್ರದ ಸಾಲನ್ನು ನೋಡಿ ಎಂದೆನಲ್ಲ, ಕನ್ನಡ ಡೇಟಾ ಇದ್ದರೆ ಅಲ್ಲೊಂದು ವಿಚಿತ್ರ ಕಾಣುತ್ತದೆ. ಊರುಗಳ ಪಟ್ಟಿಯನ್ನು ಬೇರೆ ಫೈಲಾಗಿ ಇಡದೆ ಕೋಡಿನೊಳಗೇ ಸೇರಿಸಿ ಇಎಸ್‌ಬಿಲ್ಡ್ ಎಂಬ ಸಾಧನದಲ್ಲಿ ಬಿಲ್ಡ್ ಮಾಡಿದಿರೋ, ಡಿಸ್ಟ್ ಫೈಲಿನಲ್ಲಿ ಆ ಭಾಗ ಎರಡರಷ್ಟಾಗುತ್ತದೆ. ಯುಟಿಎಫ್-8ರಲ್ಲಿ ಒಂದು ಕನ್ನಡ ಸಂಕೇತಕ್ಕೆ 3 ಬೈಟು. ಇಎಸ್‌ಬಿಲ್ಡ್ ಬೇರೆ ಹೇಳದಿದ್ದರೆ ಪ್ರತಿಯೊಂದನ್ನೂ ಬ್ಯಾಕ್‌ಸ್ಲ್ಯಾಶ್, ಯು, ನಾಲ್ಕು ಅಂಕಿ ಹೀಗೆ 6 ಬೈಟಾಗಿ ಬರೆಯುತ್ತದೆ. ತಪ್ಪೇನಲ್ಲ, ಓಡುತ್ತದೆ, ಆದರೆ ಫೈಲು ತೆರೆದರೆ ಒಂದಕ್ಷರ ಓದಲಾಗದು. ‘--ಚಾರ್‌ಸೆಟ್=ಯುಟಿಎಫ್8’ ಎಂದು ಕೊಟ್ಟರೆ ಕನ್ನಡ ಕನ್ನಡವಾಗಿಯೇ ಉಳಿಯುತ್ತದೆ.

ಈಗ ನಿಜವಾಗಿ ಕಟ್ಟಿ. ಬರೇ ‘ಎನ್‌ಪಿಎಂ ಪ್ಯಾಕ್’ ಎಂದರೆ ಹೆಸರು ಮತ್ತು ವರ್ಶನ್ ಹೊತ್ತ ಟಿಜಿಝಡ್ ಫೈಲು ಅದೇ ಫೋಲ್ಡರಿಗೆ ಬಂದು ಬೀಳುತ್ತದೆ. ‘ಟಾರ್ -ಟಿಎಫ್’ ಕೊಟ್ಟು ಒಳಗಿನದನ್ನು ನೋಡಬಹುದು. ಎಲ್ಲವೂ ‘ಪ್ಯಾಕೇಜ್’ ಎಂಬ ಒಂದು ಫೋಲ್ಡರಿನ ಕೆಳಗೆ ಇರುತ್ತವೆ.

ಇದನ್ನು ಹಾಕಿ ನೋಡಲು ಹೊಸ ಖಾಲಿ ಫೋಲ್ಡರು ಬೇಕು, ಲೈಬ್ರರಿಯ ಫೋಲ್ಡರಿನಿಂದ ಪೂರ್ತಿ ಹೊರಗೆ. ‘ಎಕ್ಸಾಂಪಲ್ಸ್’ ಎಂದು ಲೈಬ್ರರಿಯೊಳಗೇ ಒಂದು ಫೋಲ್ಡರು ಮಾಡಿ ಅಲ್ಲಿ ಓಡಿಸುವ ಅಭ್ಯಾಸ ಹಲವರಿಗಿದೆ. ಅದು ಮೋಸ ಮಾಡುತ್ತದೆ. ಜಾವಾಸ್ಕ್ರಿಪ್ಟನ್ನು ಓಡಿಸುವ ನೋಡ್‌ಗೆ ಒಂದು ಪ್ಯಾಕೇಜು ಬೇಕಾದಾಗ, ಹಾಕಿದ ಪ್ಯಾಕೇಜುಗಳಿರುವ ಹತ್ತಿರದ ನೋಡ್ ಮಾಡ್ಯೂಲ್ಸ್ ಫೋಲ್ಡರಿನಲ್ಲಿ ಹುಡುಕುತ್ತದೆ, ಅಲ್ಲಿಲ್ಲದಿದ್ದರೆ ಒಂದು ಮೆಟ್ಟಿಲು ಮೇಲೆ, ಅಲ್ಲೂ ಇಲ್ಲದಿದ್ದರೆ ಇನ್ನೂ ಮೇಲೆ. ಊರುಹೆಸರಿಗೆ ಓಡಲು ಬೇಕಾದ ಒಂದು ಪ್ಯಾಕೇಜನ್ನು ನೀವು ‘ಡಿಪೆಂಡೆನ್ಸೀಸ್’ ಬದಲು ‘ಡೆವ್ ಡಿಪೆಂಡೆನ್ಸೀಸ್’ನಲ್ಲಿ (ಲೈಬ್ರರಿ ಬರೆಯುವವರಿಗೆ ಮಾತ್ರ ಬೇಕಾದವುಗಳ ಪಟ್ಟಿ) ಬರೆದಿದ್ದರೆ, ಬಳಸುವವರಲ್ಲಿ ಅದು ಇರುವುದಿಲ್ಲ. ಆದರೆ ಎಕ್ಸಾಂಪಲ್ಸ್ ಫೋಲ್ಡರಿನಿಂದ ಮೇಲೆ ಹತ್ತಿದ ನೋಡ್‌ಗೆ ನಿಮ್ಮ ನೋಡ್ ಮಾಡ್ಯೂಲ್ಸ್‌ನಲ್ಲಿ ಅದು ಸಿಕ್ಕಿಬಿಡುತ್ತದೆ. ತಪ್ಪು ಮುಚ್ಚಿಹೋಯಿತು.

ಖಾಲಿ ಫೋಲ್ಡರಿನಲ್ಲಿ ಇಷ್ಟು ಸಾಕು:

ಎನ್‌ಪಿಎಂ ಇನಿಟ್ -ವೈ
ಎನ್‌ಪಿಎಂ ಇನ್‌ಸ್ಟಾಲ್, ನಂತರ ಟಿಜಿಝಡ್ ಫೈಲಿನ ಪೂರ್ತಿ ದಾರಿ

ಆಮೇಲೆ ಐದು ಸಾಲಿನ ಒಂದು ಫೈಲು: ಊರುಹೆಸರನ್ನು ಇಂಪೋರ್ಟ್ ಮಾಡಿ, ‘ಕುಂಬಳೆ’ ಕೊಟ್ಟು, ಬಂದದ್ದನ್ನು ಅಚ್ಚು ಹಾಕುವುದು. ಇಲ್ಲೇ ಮೊದಲ ಪೆಟ್ಟು ಬೀಳುವುದು, ಮತ್ತು ಅದು ಹೆಚ್ಚಾಗಿ ‘ಇನೋಎಂಟ್’, ಅಂಥ ಫೈಲಿಲ್ಲ. ಜೇಸನ್ ಫೈಲು ಕಟ್ಟಿನಲ್ಲಿದೆ, ನೀವೇ ಕಣ್ಣಾರೆ ನೋಡಿದ್ದೀರಿ. ಮತ್ತೆ ಯಾಕೆ?

ಕೋಡಿನಲ್ಲಿ ‘ರೀಡ್‌ಫೈಲ್‌ಸಿಂಕ್’ಗೆ ‘./ಡೇಟಾ/ಊರುಗಳು’ ಎಂದು ಕೊಟ್ಟಿದ್ದೀರಿ. ಆ ಚುಕ್ಕೆಯ ಅರ್ಥ ‘ಈ ಕೋಡು ಇರುವ ಜಾಗ’ ಅಲ್ಲ, ‘ಕಮಾಂಡು ಕೊಟ್ಟವರು ನಿಂತಿರುವ ಜಾಗ’. ನಿಮ್ಮ ಫೋಲ್ಡರಿನಲ್ಲಿ ನಿಂತು ಟೆಸ್ಟ್ ಓಡಿಸುವಾಗ ಎರಡೂ ಒಂದೇ ಆಗಿರುವುದರಿಂದ ಕೆಲಸ ನಡೆಯುತ್ತದೆ. ಬದಿಯಡ್ಕದಲ್ಲಿ ಕೂತವರು ತಮ್ಮ ಬಿಲ್ಲಿಂಗ್ ಪ್ರೋಗ್ರಾಮಿನ ಫೋಲ್ಡರಿನಿಂದ ಓಡಿಸಿದರೆ ಅವರ ಫೋಲ್ಡರಿನಲ್ಲಿ ಡೇಟಾ ಹುಡುಕುತ್ತದೆ. ದಾರಿಯನ್ನು ‘ಇಂಪೋರ್ಟ್ ಡಾಟ್ ಮೆಟಾ ಡಾಟ್ ಯುಆರ್‌ಎಲ್’ನಿಂದ ಕಟ್ಟಬೇಕು: ಆ ಫೈಲಿನ ವಿಳಾಸ, ಅಲ್ಲಿಂದ ಒಂದು ಮೆಟ್ಟಿಲು ಮೇಲೆ, ಅಲ್ಲಿಂದ ಡೇಟಾ. ಎಸ್‌ಆರ್‌ಸಿ ಮತ್ತು ಡಿಸ್ಟ್ ಒಂದೇ ಆಳದಲ್ಲಿದ್ದರೆ ಮಾತ್ರ ಆ ‘ಒಂದು ಮೆಟ್ಟಿಲು’ ಎರಡೂ ಕಡೆ ಸರಿಯಾಗುತ್ತದೆ ಎನ್ನುವುದು ನೆನಪಿರಲಿ.

ಜೇಸನ್ನನ್ನು ನೇರ ಇಂಪೋರ್ಟ್ ಮಾಡುತ್ತೇನೆ ಎನ್ನುವವರಿಗೆ ಬೇರೆ ತೊಡಕಿದೆ. ಇದು ಜೇಸನ್ ಎಂದು ಇಂಪೋರ್ಟಿನಲ್ಲಿ ಹೇಳುವ ಹಳೆಯ ‘ಅಸರ್ಟ್’ ಬರವಣಿಗೆ ನೋಡ್ 22ರಲ್ಲಿ ಓಡುವುದೇ ಇಲ್ಲ. ಹೊಸ ‘ವಿತ್’ ಬರವಣಿಗೆ 18.20 ಮತ್ತು 20.10ಕ್ಕಿಂತ ಹಿಂದಿನವುಗಳಲ್ಲಿ ಓಡುವುದಿಲ್ಲ. ಯಾವ ನೋಡ್‌ನಿಂದ ಓಡುತ್ತದೆ ಎಂದು ಹೇಳುವ ‘ಎಂಜಿನ್ಸ್’ನಲ್ಲಿ 18 ಎಂದು ಬರೆದು ನಿಮ್ಮಲ್ಲಿರುವ 22ರಲ್ಲಿ ಮಾತ್ರ ನೋಡಿದರೆ ಆಗುವುದಿಲ್ಲ. ಬರೆದ ಅತಿ ಹಳೆಯ ವರ್ಶನ್ನಿನಲ್ಲೂ ಅದೇ ಟಿಜಿಝಡ್ ಹಾಕಿ ಓಡಿಸಿ. ನೋಡ್ ವರ್ಶನ್ ಬದಲಿಸುವ ಎನ್‌ವಿಎಂ ಇದ್ದರೆ ಎರಡು ನಿಮಿಷದ ಕೆಲಸ. ಇನ್ನೊಂದು, ಪಟ್ಟಿಯನ್ನು ವಿಂಡೋಸಿನ ಹಳೆಯ ನೋಟ್‌ಪ್ಯಾಡಿನಲ್ಲಿ ಯುಟಿಎಫ್-8 ಎಂದು ಉಳಿಸಿದ್ದರೆ ಫೈಲಿನ ತಲೆಯಲ್ಲಿ ಬಿಓಎಂ ಎಂಬ ಕಾಣದ ಗುರುತು ಸೇರಿರುತ್ತದೆ. ಫೈಲನ್ನು ಒಳತರುವ ಹಳೆಯ ವಿಧಾನವಾದ ‘ರಿಕ್ವಾಯರ್’ ಅದನ್ನು ತಾನೇ ತೆಗೆಯುತ್ತದೆ, ‘ಜೇಸನ್ ಡಾಟ್ ಪಾರ್ಸ್’ ತೆಗೆಯುವುದಿಲ್ಲ, ಮೊದಲ ಅಕ್ಷರಕ್ಕೇ ತಕರಾರು ತೆಗೆಯುತ್ತದೆ.

ಖಾಲಿ ಫೋಲ್ಡರಿನಲ್ಲಿ ಮಾತ್ರ ಸಿಕ್ಕಿಬೀಳುವ ತಪ್ಪುಗಳು ಇನ್ನೂ ಇವೆ. ಟೆಸ್ಟ್ ಓಡಿಸುವ ವೀಟೆಸ್ಟ್‌ನಲ್ಲಿ ‘./ಹೋಲಿಸು’ ಎಂದು ಬಾಲವಿಲ್ಲದೆ ಇಂಪೋರ್ಟ್ ಮಾಡಿದರೂ ನಡೆಯುತ್ತದೆ. ಶುದ್ಧ ನೋಡ್‌ನ ಇಎಸ್ ಮಾಡ್ಯೂಲಿನಲ್ಲಿ (‘ಇಂಪೋರ್ಟ್’ ಬಳಸುವ ಹೊಸ ಶೈಲಿಯ ಕೋಡು) ಜೆಎಸ್ ಎಂಬ ಬಾಲ ಬೇಕೇಬೇಕು, ಇಲ್ಲದಿದ್ದರೆ ‘ಮಾಡ್ಯೂಲ್ ನಾಟ್ ಫೌಂಡ್’. ಇಂಪೋರ್ಟಿನಲ್ಲಿ ದೊಡ್ಡಕ್ಷರ, ಫೈಲಿನ ಹೆಸರಿನಲ್ಲಿ ಸಣ್ಣಕ್ಷರ ಇದ್ದರೆ ವಿಂಡೋಸ್ ಮತ್ತು ಮ್ಯಾಕ್ ಸುಮ್ಮನಿರುತ್ತವೆ, ಲಿನಕ್ಸ್ ಸರ್ವರು ಒಪ್ಪುವುದಿಲ್ಲ. ಪ್ಯಾಕೇಜ್ ಜೇಸನ್‌ನಲ್ಲಿ ‘ಎಕ್ಸ್‌ಪೋರ್ಟ್ಸ್’ ಬರೆದಿದ್ದರೆ ಅದರಲ್ಲಿ ಹೆಸರಿಸದ ಯಾವ ಒಳದಾರಿಯೂ ಹೊರಗಿನವರಿಗೆ ತೆರೆಯದು. ಡೇಟಾ ಫೈಲನ್ನು ನೇರವಾಗಿ ಬಳಸಲು ಜನರನ್ನು ಬಿಡುತ್ತೀರಾದರೆ ಅದನ್ನೂ ಅಲ್ಲಿ ಬರೆಯಬೇಕು. ಅದೇ ‘ಎಕ್ಸ್‌ಪೋರ್ಟ್ಸ್’ನೊಳಗೆ ಟೈಪ್‌ಸ್ಕ್ರಿಪ್ಟ್‌ಗೆಂದು ಇರುವ ‘ಟೈಪ್ಸ್’ ಸಾಲು ಎಲ್ಲದಕ್ಕಿಂತ ಮೊದಲು ಬರಬೇಕು, ಏಕೆಂದರೆ ಮೇಲಿನಿಂದ ಕೆಳಗೆ ನೋಡುತ್ತಾ ಹೊಂದಿದ ಮೊದಲ ಸಾಲಿಗೇ ನಿಲ್ಲುತ್ತದೆ. ಇವನ್ನೆಲ್ಲ ಕಣ್ಣಲ್ಲಿ ಹುಡುಕುವುದು ಬೇಡ. ‘ಪಬ್‌ಲಿಂಟ್’ ಎಂಬ ಸಾಧನ ಪ್ಯಾಕೇಜ್ ಜೇಸನ್ ತಪ್ಪುಗಳನ್ನು ಹೇಳುತ್ತದೆ, ‘ಎಟಿಟಿಡಬ್ಲ್ಯೂ --ಪ್ಯಾಕ್’ ಟೈಪ್‌ಗಳ ತಪ್ಪುಗಳನ್ನು ಹೇಳುತ್ತದೆ. ಎರಡೂ ಎನ್‌ಪಿಎಕ್ಸ್‌ನಿಂದ, ಅಂದರೆ ಬೇರೆಯಾಗಿ ಇನ್‌ಸ್ಟಾಲ್ ಮಾಡದೆಯೇ, ಓಡುತ್ತವೆ.

‘ಇಂಪೋರ್ಟ್’ ಒಂದನ್ನೇ ನೋಡಬೇಡಿ, ‘ರಿಕ್ವಾಯರ್’ ಕೂಡ ನೋಡಿ. ನೋಡ್ 22.12ರಿಂದ ಇಎಸ್ ಮಾಡ್ಯೂಲನ್ನು ರಿಕ್ವಾಯರ್ ಮಾಡಿದರೂ ನಡೆಯುತ್ತದೆ, ಹಾಗಾಗಿ ಹೊಸ ಕಂಪ್ಯೂಟರಿನಲ್ಲಿ ಎಲ್ಲ ಚೆನ್ನ. ಹಳೆಯದು ಸಿಡುಕುತ್ತದೆ.

ಇನ್ನು ಎನ್‌ಪಿಎಂ ಲಿಂಕ್. ಯಾರನ್ನು ಕೇಳಿದರೂ ಮೊದಲು ಹೇಳುವುದು ಇದನ್ನೇ, ಮತ್ತು ಕೋಡು ಬರೆಯುತ್ತಾ ಕ್ಷಣಕ್ಷಣಕ್ಕೆ ಬದಲಾವಣೆ ನೋಡಲು ಅದು ಒಳ್ಳೆಯದೇ. ಪಬ್ಲಿಶ್ ಮೊದಲಿನ ಪರೀಕ್ಷೆಗೆ ಮಾತ್ರ ಅದು ಪ್ರಯೋಜನಕ್ಕಿಲ್ಲ. ಲಿಂಕ್ ಎಂದರೆ ನಿಮ್ಮ ಅಂಗಳಕ್ಕೆ ಒಂದು ಬಾಗಿಲು ತೆಗೆದುಕೊಟ್ಟಂತೆ: ‘ಫೈಲ್ಸ್’ ಪಟ್ಟಿಗೆ ಬೆಲೆಯಿಲ್ಲ, ಡೆವ್ ಡಿಪೆಂಡೆನ್ಸಿಗಳೆಲ್ಲ ಅಲ್ಲೇ ಇರುತ್ತವೆ. ‘ಎನ್‌ಪಿಎಂ ಇನ್‌ಸ್ಟಾಲ್’ಗೆ ಟಿಜಿಝಡ್ ಬದಲು ಫೋಲ್ಡರಿನ ದಾರಿ ಕೊಟ್ಟರೂ ಆಗುವುದು ಇದೇ ಲಿಂಕ್, ನಿಜವಾಗಿ ಕಟ್ಟಿ ಹಾಕು ಎನ್ನಲು ‘--ಇನ್‌ಸ್ಟಾಲ್-ಲಿಂಕ್ಸ್’ ಸೇರಿಸಬೇಕು. ವೆಬ್ ಪುಟ ಕಟ್ಟುವ ರಿಯಾಕ್ಟ್ ಲೈಬ್ರರಿ ಬಳಸುವವರಿಗೆ ಲಿಂಕ್ ಇನ್ನೊಂದು ತಲೆನೋವು ತರುತ್ತದೆ. ಲಿಂಕಿನ ಆಚೆಗಿನ ಕೋಡು ತನ್ನ ನಿಜವಾದ ಜಾಗದಿಂದಲೇ ರಿಯಾಕ್ಟನ್ನು ಹುಡುಕುತ್ತದೆ, ಆ್ಯಪ್ ತನ್ನ ಜಾಗದಿಂದ ಹುಡುಕುತ್ತದೆ, ಎರಡು ರಿಯಾಕ್ಟ್ ಲೋಡ್ ಆಗಿ ‘ಇನ್‌ವ್ಯಾಲಿಡ್ ಹುಕ್ ಕಾಲ್’ ಬರುತ್ತದೆ. ಆಗ ಜನ ಹುಕ್ಕಿನಲ್ಲಿ ತಪ್ಪು ಹುಡುಕುತ್ತಾ ಮಧ್ಯಾಹ್ನ ಕಳೆಯುತ್ತಾರೆ. ತಪ್ಪು ಇಲ್ಲದ ಕಡೆ ಎಷ್ಟು ಹುಡುಕಿದರೇನು.

ತಿದ್ದಿ ಮತ್ತೆ ಪ್ಯಾಕ್ ಮಾಡುವಾಗ ವರ್ಶನ್ ಏರಿಸಿ. ಅದೇ ವರ್ಶನ್ನಿನಲ್ಲಿ ಮತ್ತೆ ಕಟ್ಟಿ ಹಾಕಿದರೆ ಹಾಕಿದ ಪ್ಯಾಕೇಜುಗಳ ವರ್ಶನ್ ಬರೆದಿಡುವ ಲಾಕ್ ಫೈಲಿನಲ್ಲಿರುವ ಎಸ್‌ಎಚ್‌ಎ-512 ಗುರುತು (ಕಟ್ಟಿನ ಬೆರಳಚ್ಚು) ಹೊಸ ಕಟ್ಟಿಗೆ ಹೊಂದದೆ ‘ಇಇಂಟೆಗ್ರಿಟಿ’ ಎಂದು ನಿಲ್ಲಬಹುದು. ನಿಂತರೆ ಪುಣ್ಯ, ಹಳೆಯದೇ ಉಳಿದುಕೊಂಡರೆ ತಿದ್ದಿದ್ದು ಯಾಕೆ ಕಾಣುತ್ತಿಲ್ಲ ಎಂದು ತಲೆ ಕೆರೆದುಕೊಳ್ಳಬೇಕು. ಸುಲಭದ ದಾರಿ:

ಎನ್‌ಪಿಎಂ ವರ್ಶನ್ ಪ್ರಿರಿಲೀಸ್ --ಪ್ರಿಐಡಿ=ಟೆಸ್ಟ್ --ನೋ-ಗಿಟ್-ಟ್ಯಾಗ್-ವರ್ಶನ್

1.2.0 ಇದ್ದದ್ದು 1.2.1-ಟೆಸ್ಟ್.0 ಆಗುತ್ತದೆ, ಮುಂದಿನ ಸಲ ಟೆಸ್ಟ್.1. ಗಿಟ್‌ನಲ್ಲಿ ಟ್ಯಾಗುಗಳು ತುಂಬುವುದಿಲ್ಲ.

ಖಾಲಿ ಫೋಲ್ಡರಿನ ಪರೀಕ್ಷೆಗೆ ಯಾವ ಹೆಸರುಗಳನ್ನು ಕೊಡಬೇಕು ಎಂಬುದು ನಮ್ಮ ಭಾಗದಲ್ಲಿ ಚಿಕ್ಕ ಪ್ರಶ್ನೆಯಲ್ಲ. ‘ಕಾಸರಗೋಡು’ ಎಂಬ ಪದದ ಉದ್ದವನ್ನು ಜಾವಾಸ್ಕ್ರಿಪ್ಟಿಗೆ ಕೇಳಿದರೆ 8 ಎನ್ನುತ್ತದೆ. ಅದೇ ಪದ ಎನ್‌ಎಫ್‌ಡಿ ಎಂಬ ಯೂನಿಕೋಡಿನ ಒಡೆದ ರೂಪದಲ್ಲಿ ಬಂದರೆ 10. ‘ಗೋ’ದ ಓಕಾರ ಒಂದು ಸಂಕೇತವಾಗಿ ಇರುವ ಬದಲು ಎಕಾರದ ಗುರುತು, ಊಕಾರದ ಗುರುತು, ದೀರ್ಘದ ಗುರುತು ಎಂದು ಮೂರಾಗಿ ಒಡೆದಿರುತ್ತದೆ. ಪರದೆಯಲ್ಲಿ ಒಂದಿಷ್ಟೂ ವ್ಯತ್ಯಾಸ ಕಾಣದು, ಹೋಲಿಸಿದರೆ ಬೇರೆ ಬೇರೆ. ಮ್ಯಾಕಿನ ಹಳೆಯ ಎಚ್‌ಎಫ್‌ಎಸ್ ಪ್ಲಸ್ ಡಿಸ್ಕುಗಳು ಫೈಲಿನ ಹೆಸರುಗಳನ್ನು ಹೀಗೆ ಒಡೆದೇ ಇಡುತ್ತಿದ್ದವು, ಅಲ್ಲಿಂದ ಪಟ್ಟಿಗೆ ಬಂದ ಹೆಸರುಗಳಲ್ಲಿ ಇದು ಸಿಗುತ್ತದೆ. ‘ನಾರ್ಮಲೈಸ್’ ಕೊಟ್ಟು ಎನ್‌ಎಫ್‌ಸಿ ಎಂಬ ಕೂಡಿಸಿದ ರೂಪಕ್ಕೆ ತಂದರೆ ಕನ್ನಡದ ಈ ಗಂಟು ಬಿಡುತ್ತದೆ.

ಮಲಯಾಳದ್ದು ಅಷ್ಟಕ್ಕೆ ಬಿಡುವುದಿಲ್ಲ. ‘ಕಾಸರ್‌ಗೋಡ್’ ಎಂದು ಬರೆಯುವಾಗ ಬರುವ ಅರ್ಧ ರಕಾರ ಒಂದು ಚಿಲ್ಲಕ್ಷರ. 2008ರಲ್ಲಿ ಯೂನಿಕೋಡ್ 5.1 ಚಿಲ್ಲುಗಳಿಗೆ ಸ್ವಂತ ಸಂಕೇತ ಕೊಟ್ಟಿತು. ಅದಕ್ಕೂ ಹಿಂದೆ ರ, ಚಂದ್ರಕಲೆ, ಕಾಣದ ಜೋಡಕ ಎಂದು ಮೂರು ಸೇರಿಸಿ ಬರೆಯುತ್ತಿದ್ದರು. ಹಳೆಯ ಪಟ್ಟಿಗಳಲ್ಲಿ ಹಳೆಯದು, ಹೊಸದರಲ್ಲಿ ಹೊಸದು. ಎನ್‌ಎಫ್‌ಸಿ ಇವೆರಡನ್ನು ಒಂದು ಮಾಡುವುದಿಲ್ಲ, ಲೈಬ್ರರಿಯೇ ಮಾಡಬೇಕು. ಟೆಸ್ಟಿನಲ್ಲಿ ಈ ಕಾಣದ ಜೋಡಕವನ್ನು ನೇರ ಟೈಪ್ ಮಾಡಬೇಡಿ, ಎಸ್ಕೇಪ್ ಸಂಖ್ಯೆಯಾಗಿ ಬರೆಯಿರಿ; ಯಾರಾದರೂ ಕಾಪಿ ಮಾಡುವಾಗ ಅದು ಉದುರಿಹೋದರೂ ಗೊತ್ತೇ ಆಗುವುದಿಲ್ಲ. ನಮ್ಮ ‘ರ‍್ಯಾಂಕ್’ನಲ್ಲಿ ರಕಾರ ಅರ್ಕಾವತ್ತಾಗದೆ ನಿಲ್ಲುವುದೂ ಅಂಥ ಜೋಡಕದಿಂದಲೇ.

ನಿಮ್ಮದೇ ಎರಡು ಪ್ಯಾಕೇಜುಗಳು ಒಂದನ್ನೊಂದು ಬಳಸುತ್ತಿದ್ದು ಎರಡೂ ಇನ್ನೂ ಹೊರಗೆ ಹೋಗಿಲ್ಲದಿದ್ದರೆ ಟಿಜಿಝಡ್ ಸಾಲದು. ಮೊದಲನೆಯದನ್ನು ಹಾಕುವಾಗ ಎನ್‌ಪಿಎಂ ಎರಡನೆಯದನ್ನು ರಿಜಿಸ್ಟ್ರಿಯಲ್ಲಿ, ಅಂದರೆ ಹೊರಗಿನ ಉಗ್ರಾಣದಲ್ಲಿ, ಹುಡುಕಿ 404 (ಸಿಗಲಿಲ್ಲ) ಎನ್ನುತ್ತದೆ. ಆಗ ವರ್ಡಾಚ್ಚಿಯೊ ಬೇಕು: ನಿಮ್ಮ ಕಂಪ್ಯೂಟರಿನಲ್ಲೇ ಕೂರುವ ಪುಟ್ಟ ರಿಜಿಸ್ಟ್ರಿ. ‘ಎನ್‌ಪಿಎಕ್ಸ್ ವರ್ಡಾಚ್ಚಿಯೊ’ ಎಂದರೆ ಲೋಕಲ್‌ಹೋಸ್ಟ್ 4873ರಲ್ಲಿ ಎದ್ದು ನಿಲ್ಲುತ್ತದೆ. ‘ಎನ್‌ಪಿಎಂ ಆ್ಯಡ್‌ಯೂಸರ್’ ಮತ್ತು ‘ಎನ್‌ಪಿಎಂ ಪಬ್ಲಿಶ್’ ಎರಡಕ್ಕೂ ‘--ರಿಜಿಸ್ಟ್ರಿ’ ಎಂದು ಆ ವಿಳಾಸ ಕೊಡಿ. ತನ್ನಲ್ಲಿಲ್ಲದ್ದನ್ನು ಅದು ಹೊರಗಿನ ಎನ್‌ಪಿಎಂನಿಂದ ತಂದು ಒಂದು ಪ್ರತಿ ಇಟ್ಟುಕೊಳ್ಳುತ್ತದೆ. ಆಟಿಯ ಮಳೆಗೆ ಒಂದು ತಾಸು ನೆಟ್ ಇದ್ದು ಎರಡು ತಾಸು ಇಲ್ಲದ ಊರುಗಳಲ್ಲಿ ಇದೊಂದೇ ಕಾರಣಕ್ಕೆ ಇಟ್ಟುಕೊಳ್ಳಬಹುದು. ಒಮ್ಮೆ ತಂದದ್ದನ್ನು ಖಾಲಿ ಫೋಲ್ಡರಿಗೆ ಹತ್ತು ಸಲ ಹಾಕಿದರೂ ಮೊಬೈಲ್ ಡೇಟಾ ಮುಗಿಯುವುದಿಲ್ಲ. ವಿಳಾಸವನ್ನು ಪರೀಕ್ಷೆಯ ಫೋಲ್ಡರಿನ ಎನ್‌ಪಿಎಂಆರ್‌ಸಿ ಎಂಬ ಸೆಟ್ಟಿಂಗ್ ಫೈಲಿನಲ್ಲಿ ಮಾತ್ರ ಬರೆಯಿರಿ. ‘ಎನ್‌ಪಿಎಂ ಕಾನ್ಫಿಗ್ ಸೆಟ್’ ಎಂದು ಇಡೀ ಕಂಪ್ಯೂಟರಿಗೆ ಹಾಕಿ ಮರೆತರೆ, ವರ್ಡಾಚ್ಚಿಯೊ ನಿಲ್ಲಿಸಿದ ಮರುದಿನ ಎಲ್ಲ ಪ್ರಾಜೆಕ್ಟುಗಳೂ ‘ಕನೆಕ್ಷನ್ ರೆಫ್ಯೂಸ್ಡ್’ ಎನ್ನುತ್ತವೆ.

ಪೈಥನ್‌ನವರಿಗೆ ಬೇರೆ ಹೆಸರು, ಅದೇ ಪಾಡು. ‘ಪಿಪ್ ಇನ್‌ಸ್ಟಾಲ್ -ಇ’ ಅಲ್ಲಿಯ ಲಿಂಕ್. ‘ಪೈಥನ್ -ಎಂ ಬಿಲ್ಡ್’ ಮಾಡಿ, ಬಂದ ವೀಲ್ ಫೈಲನ್ನು (ಪೈಥನ್‌ನ ಕಟ್ಟು) ಹೊಸ ವೆನ್ವ್‌ನಲ್ಲಿ, ಅಂದರೆ ಪ್ರತ್ಯೇಕ ಖಾಲಿ ಪರಿಸರದಲ್ಲಿ ಹಾಕಿ, ಬೇರೆ ಫೋಲ್ಡರಿಗೆ ಹೋಗಿ ಓಡಿಸಿ. ಇದ್ದಲ್ಲೇ ಓಡಿಸಿದರೆ ಹಾಕಿದ ಪ್ರತಿಯ ಬದಲು ಪಕ್ಕದಲ್ಲಿರುವ ಕೋಡೇ ಇಂಪೋರ್ಟ್ ಆಗುವ ಸಾಧ್ಯತೆ ಇದೆ. ಪೈಥನ್‌ನ ಉಗ್ರಾಣ ಪೈಪಿಐ, ಪರೀಕ್ಷೆಗೆಂದೇ ಇರುವ ಅದರ ಜೋಡಿ ಟೆಸ್ಟ್‌ಪೈಪಿಐ; ಅಲ್ಲಿಗೆ ಹಾಕಿ ನೋಡುವುದಾದರೆ ಡಿಪೆಂಡೆನ್ಸಿಗಳನ್ನು ಮೊದಲು ಮಾಮೂಲಿ ಪೈಪಿಐಯಿಂದ ತಂದು, ಆಮೇಲೆ ನಿಮ್ಮದೊಂದನ್ನೇ ‘--ನೋ-ಡೆಪ್ಸ್’ ಕೊಟ್ಟು ಟೆಸ್ಟ್‌ಪೈಪಿಐಯಿಂದ ತನ್ನಿ. ಎರಡೂ ವಿಳಾಸ ಒಟ್ಟಿಗೆ ಕೊಟ್ಟರೆ ಪಿಪ್ ಒಂದಕ್ಕೆ ಮೊದಲ ಮಣೆ ಹಾಕುವುದಿಲ್ಲ, ದೊಡ್ಡ ವರ್ಶನ್ ಎಲ್ಲಿದೆಯೋ ಅದನ್ನು ಎತ್ತಿಕೊಳ್ಳುತ್ತದೆ, ಅದು ಯಾರು ಹಾಕಿದ್ದೋ ಏನೋ.

ಎಲ್ಲ ಸರಿಯಾದ ಮೇಲೂ ಬಳಸುವವರಿಗೆ ತಾನಾಗಿ ಸಿಗುವ ‘ಲೇಟೆಸ್ಟ್’ ಗುರುತಿಗೆ ನೇರ ಬಿಡುವ ಅವಸರ ಬೇಡ. ‘ಎನ್‌ಪಿಎಂ ಪಬ್ಲಿಶ್ --ಟ್ಯಾಗ್ ನೆಕ್ಸ್ಟ್’ ಎಂದು ಹಾಕಿ, ಮತ್ತೊಂದು ಖಾಲಿ ಫೋಲ್ಡರಿನಲ್ಲಿ ಊರುಹೆಸರು@ನೆಕ್ಸ್ಟ್ ತಂದು ಅದೇ ಐದು ಸಾಲು ಓಡಿಸಿ, ಆಮೇಲೆ ‘ಎನ್‌ಪಿಎಂ ಡಿಸ್ಟ್-ಟ್ಯಾಗ್ ಆ್ಯಡ್’ನಿಂದ ಲೇಟೆಸ್ಟ್ ಗುರುತು ಕೊಡಿ. ಟ್ಯಾಗ್ ಕೊಡದೆ ಬೀಟಾ ವರ್ಶನ್ ಹಾಕಿದರೆ ಹಳೆಯ ಎನ್‌ಪಿಎಂ ಅದನ್ನೇ ಲೇಟೆಸ್ಟ್ ಮಾಡಿಬಿಡುತ್ತದೆ. 11ರಿಂದ ಮಾತ್ರ ಟ್ಯಾಗ್ ಇಲ್ಲದೆ ಒಪ್ಪುವುದಿಲ್ಲ. ಸ್ಕೋಪ್ ಇರುವ (@ನಿಂದ ಶುರುವಾಗುವ) ಹೆಸರಾದರೆ ಮೊದಲ ಸಲ ‘--ಆ್ಯಕ್ಸೆಸ್ ಪಬ್ಲಿಕ್’ ಬೇಕು.

ಪರೀಕ್ಷೆಗೆ ನಿಮ್ಮ ನಿಜವಾದ ಆ್ಯಪನ್ನೇ ಬಳಸಿದ್ದರೆ, ಕಮಿಟ್ ಮಾಡುವ ಮೊದಲು ಅದರ ಲಾಕ್ ಫೈಲಿನಲ್ಲಿ ‘4873’ ಮತ್ತು ‘ಫೈಲ್:’ ಎಂದು ಹುಡುಕಿ. ವರ್ಡಾಚ್ಚಿಯೊದ ವಿಳಾಸ ಅಥವಾ ನಿಮ್ಮ ಡೆಸ್ಕ್‌ಟಾಪಿನ ದಾರಿ ಅಲ್ಲಿ ಉಳಿದುಕೊಂಡಿದ್ದರೆ ನಿಮ್ಮಲ್ಲಿ ಎಲ್ಲ ಓಡುತ್ತಲೇ ಇರುತ್ತದೆ, ಸರ್ವರಿನ ಬಿಲ್ಡ್ ಮಾತ್ರ ಆ ಸಾಲಿಗೆ ಬಂದು ನಿಲ್ಲುತ್ತದೆ.